ಪೀಟ್ ಹೋದ, ಲೆಕ್ಕ ಉಳಿಯಿತು

ಫ್ಲಾರಿಡಾದ ಪೋರ್ಟ್ ಸೇಂಟ್ ಲೂಸಿಯಲ್ಲಿ, ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಅಭ್ಯಾಸ ಶಿಬಿರದಲ್ಲಿ, ಪಿಚರ್‌ಗಳು (ಬಾಲ್ ಎಸೆಯುವವರು) ತೋಳು ಸಡಿಲಿಸಿಕೊಳ್ಳಲು ಶುರುಮಾಡಿದ್ದಾರೆ. ಇಲ್ಲಿ ನನ್ನ ಮೇಜಿನ ಮೇಲೆ ಇಡೀ ಚಳಿಗಾಲದ ಸಿಟ್ಟು ಬಂದು ಬಿದ್ದಿದೆ. ಹೆಚ್ಚಿನ ಪ್ರಶ್ನೆಗಳು ಮೆಟ್ಸ್ ಬಗ್ಗೆ. ಈ ಅಂಕಣದಾಕೆ ಮೆಟ್ಸ್ ಕಡೆಯವಳೆಂದು ಗೊತ್ತಿದ್ದೇ ಕೇಳಿದ್ದೀರಿ, ಉತ್ತರದಲ್ಲಿ ಪಕ್ಷಪಾತ ಕಂಡರೆ ದೂರಬೇಡಿ.

ಮೇಡಂ, ಪೀಟ್ ಅಲೊನ್ಸೊನನ್ನು ಮೆಟ್ಸ್ ಹಾಗೆ ಸುಮ್ಮನೆ ಬಿಟ್ಟುಕೊಟ್ಟಿತಲ್ಲ! ನಿಮಗೆ ಹೊಟ್ಟೆ ಉರಿಯಲಿಲ್ಲವೇ?
— ಎಡಿಸನ್, ನ್ಯೂಜೆರ್ಸಿ

ಉರಿಯದೇ ಇರುತ್ತದೆಯೇ? ಡಿಸೆಂಬರ್‌ನಲ್ಲಿ ಆರ್ಲಾಂಡೊದಲ್ಲಿ ವಿಂಟರ್ ಮೀಟಿಂಗ್ಸ್ (ತಂಡಗಳ ವಾರ್ಷಿಕ ಸಭೆ) ನಡೆಯುತ್ತಿದ್ದಾಗ ಮೊದಲು ನಮ್ಮ ಕೊನೆಯ ಇನ್ನಿಂಗ್ಸ್ ಪಿಚರ್ ಎಡ್ವಿನ್ ಡಿಯಾಸ್ 3 ವರ್ಷಕ್ಕೆ 6.9 ಕೋಟಿ ಡಾಲರ್‌ಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ. ಆ ಸುದ್ದಿ ಅರಗುವ ಮೊದಲೇ, ಮರುದಿನ, ಅಲೊನ್ಸೊ 5 ವರ್ಷಕ್ಕೆ 15.5 ಕೋಟಿಗೆ ಬಾಲ್ಟಿಮೋರ್ ಓರಿಯೋಲ್ಸ್ ಪಾಲಾದ. ಎರಡು ದಿನದಲ್ಲಿ ಒಂಬತ್ತನೇ ಇನ್ನಿಂಗ್ಸ್ ಕಾಯುವವನೂ ಇಲ್ಲ, ಮೊದಲ ಬೇಸ್ ಕಾಯುವವನೂ ಇಲ್ಲ.

ಮೆಟ್ಸ್ ತಂಡ ಕಟ್ಟುವ ಅಧಿಕಾರಿ ಡೇವಿಡ್ ಸ್ಟರ್ನ್ಸ್ ಹೇಳುವ ವಾದ ನನಗೆ ಅರ್ಥವಾಗದ್ದೇನಲ್ಲ. ಕಳೆದ ವರ್ಷ ಜೂನ್ ಮಧ್ಯದವರೆಗೆ ಇಡೀ ಲೀಗ್‌ನಲ್ಲೇ ಮುಂದಿದ್ದ ತಂಡ 83-79ಕ್ಕೆ (83 ಗೆಲುವು, 79 ಸೋಲು) ಬಂದು ನಿಂತಿತು, ಕೊನೆಯ ದಿನ ಮಯಾಮಿಯಲ್ಲಿ 4-0 ಸೋತು ಪ್ಲೇಆಫ್ ಕಳೆದುಕೊಂಡಿತು. ರನ್ ಬಿಟ್ಟುಕೊಡುವುದನ್ನು ತಡೆಯಬೇಕು ಎಂದು ಅವರು ಆವತ್ತಿನಿಂದ ಹೇಳುತ್ತಲೇ ಇದ್ದಾರೆ. ಅಲೊನ್ಸೊಗೆ ಡಿಸೆಂಬರ್‌ನಲ್ಲಿ 31 ತುಂಬಿತು. ದೊಡ್ಡ ಮೈಯ, ನಿಧಾನ ಓಟದ ಮೊದಲ ಬೇಸ್‌ಮನ್‌ಗಳು 34 ದಾಟಿದ ಮೇಲೆ ಹೇಗೆ ಕುಸಿಯುತ್ತಾರೆ ಎಂಬುದಕ್ಕೆ ಉದಾಹರಣೆಗಳಿಗೇನೂ ಬರವಿಲ್ಲ. ಕಾಗದದ ಮೇಲೆ ಸ್ಟರ್ನ್ಸ್ ಗೆಲ್ಲುತ್ತಾರೆ.

ಆದರೆ ನಾನು ಟಿಕೆಟ್ ಕೊಳ್ಳುವುದು ಕಾಗದ ನೋಡಲಿಕ್ಕಲ್ಲ. 2019ರಲ್ಲಿ 53 ಹೋಂ ರನ್ (ಮೈದಾನದ ಗೋಡೆ ದಾಟುವ ಹೊಡೆತ) ಹೊಡೆದು ಹೊಸಬರ ದಾಖಲೆ ಮುರಿದ ಹುಡುಗ, ಕಳೆದ ಆಗಸ್ಟ್‌ನಲ್ಲಿ ಡ್ಯಾರಿಲ್ ಸ್ಟ್ರಾಬೆರಿಯ ತಂಡದ ದಾಖಲೆ 252ನ್ನು ದಾಟಿ, ಸೀಸನ್ ಮುಗಿಯುವಾಗ 264ಕ್ಕೆ ಮುಟ್ಟಿದವನು. ಕಳೆದ ವರ್ಷ 38 ಹೋಂ ರನ್, 126 ಆರ್‌ಬಿಐ (ಅವನ ಹೊಡೆತದಿಂದ ತಂಡಕ್ಕೆ ಬಂದ ರನ್). ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಹೋಂ ರನ್ ಹೊಡೆದವನು ಬೇರೆ ಬಣ್ಣದ ಅಂಗಿ ಹಾಕಿ ಉಳಿದ ಆಟ ಆಡುತ್ತಾನೆ. ಇದು ನಮಗೆ ಹೊಸದೇನಲ್ಲ ಬಿಡಿ. ಟಾಮ್ ಸೀವರ್ 1977ರಲ್ಲಿ ಸಿನ್ಸಿನಾಟಿಗೆ ಹೋದ, ಸ್ಟ್ರಾಬೆರಿ 1990ರ ಸೀಸನ್ ಮುಗಿದ ಮೇಲೆ ಲಾಸ್ ಏಂಜಲೀಸ್‌ಗೆ ಹೋದ, 2022ರ ಡಿಸೆಂಬರ್‌ನಲ್ಲಿ ಜೇಕಬ್ ಡಿಗ್ರಾಮ್ 5 ವರ್ಷಕ್ಕೆ 18.5 ಕೋಟಿಗೆ ಟೆಕ್ಸಸ್‌ಗೆ ಹೋದ. ಡಿಗ್ರಾಮ್ ಮರುವರ್ಷ ಆರೇ ಆಟ ಶುರುಮಾಡಿ ಮೊಣಕೈ ಆಪರೇಷನ್‌ಗೆ ಮಲಗಿದಾಗ, ಬಿಟ್ಟದ್ದೇ ಒಳ್ಳೆಯದಾಯಿತು ಎಂದು ನಮ್ಮವರು ಬೀಗಿದರು. ಟೆಕ್ಸಸ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು, ಬೀಗುವುದು ನಿಂತಿತು.

ಸಿಟ್ಟು ಮಾಡಿಕೊಳ್ಳಿ, ಆದರೆ ಪೀಟ್ ಮೇಲೆ ಬೇಡ. ಕೇಳಿದಷ್ಟು ವರ್ಷ ಕೊಟ್ಟವರ ಮನೆಗೆ ಹೋದ, ಅಷ್ಟೆ.

ಮೆಟ್ಸ್‌ಗೆ ಹೊಸದಾಗಿ ಬಂದ ಪಿಚರ್ ಡೆವಿನ್ ವಿಲಿಯಮ್ಸ್‌ಗೆ ಚಪ್ಪಾಳೆ ತಟ್ಟಬೇಕಂತೆ. ಕೈ ಏಳುತ್ತಿಲ್ಲ, ಏನು ಮಾಡಲಿ?
— ಫಾರೆಸ್ಟ್ ಹಿಲ್ಸ್, ಕ್ವೀನ್ಸ್

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಕಾರಣ ನೆನಪಿಸಿಕೊಂಡರೆ ಕೈ ತಾನಾಗಿಯೇ ಏಳಬೇಕು. 2024ರ ಅಕ್ಟೋಬರ್ 3, ಮಿಲ್ವಾಕಿ, ಪ್ಲೇಆಫ್‌ನ ಮೊದಲ ಸುತ್ತಾದ ವೈಲ್ಡ್ ಕಾರ್ಡ್ ಸರಣಿಯ ಮೂರನೇ ಆಟ. ಒಂಬತ್ತನೇ ಇನ್ನಿಂಗ್ಸ್, ಮೆಟ್ಸ್ 2-0 ಹಿಂದೆ. ಬ್ರೂವರ್ಸ್ ಪರ ಬಾಲ್ ಹಿಡಿದು ನಿಂತವನು ಇದೇ ವಿಲಿಯಮ್ಸ್. ನಮ್ಮ ಲಿಂಡೋರ್ ವಾಕ್ ಪಡೆದ (ನಾಲ್ಕು ಬಾಲ್ ಹೊರಗೆ ಹೋದರೆ ಪುಕ್ಕಟೆ ಸಿಗುವ ಬೇಸ್), ಒಬ್ಬ ಔಟಾದ, ನಿಮ್ಮೊ ಸಿಂಗಲ್ ಹೊಡೆದ. ಆಮೇಲೆ ಆ ಸರಣಿಯಲ್ಲಿ ಅದುವರೆಗೆ ದೊಡ್ಡದೇನೂ ಮಾಡದ ಅಲೊನ್ಸೊ. 3-1ರ ಲೆಕ್ಕದಲ್ಲಿ (ಮೂರು ಹೊರಗಿನ ಬಾಲ್, ಒಂದು ಸ್ಟ್ರೈಕ್) ವಿಲಿಯಮ್ಸ್ ತನ್ನ ಹೆಸರುವಾಸಿ ಚೇಂಜಪ್, ಅಂದರೆ ನಿಧಾನದ ಬಾಲ್, ಎಸೆದ, ಅದು ಇಳಿಯಬೇಕಾದಷ್ಟು ಇಳಿಯಲಿಲ್ಲ. ಪೀಟ್ ಅದನ್ನು ಎಳೆಯಲು ಹೋಗದೆ ಬಲಗಡೆಯ ಗೋಡೆ ದಾಟಿಸಿದ. ಮೂರು ರನ್. ಆಟ 4-2ಕ್ಕೆ ಮುಗಿಯಿತು.

ಈ ಚಳಿಗಾಲ ಮೆಟ್ಸ್ ಆ ಹೋಂ ರನ್ ಹೊಡೆದವನನ್ನು ಬಿಟ್ಟು, ಹೊಡೆಸಿಕೊಂಡವನಿಗೆ 3 ವರ್ಷಕ್ಕೆ 5.1 ಕೋಟಿ ಕೊಟ್ಟಿತು. ಕಥೆ ಬರೆಯುವವರು ಹೀಗೆ ಬರೆದರೆ ಸಂಪಾದಕರು ವಾಪಸ್ ಕಳಿಸುತ್ತಾರೆ. ಕಳೆದ ವರ್ಷ ನ್ಯೂಯಾರ್ಕ್‌ನ ಇನ್ನೊಂದು ತಂಡ ಯಾಂಕೀಸ್‌ನಲ್ಲಿ ಅವನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) 4.79, ನೋಡುವ ಹಾಗಿರಲಿಲ್ಲ. ಆದರೂ ಅವನ ದೆಸೆಯಿಂದ ಆ ತಂಡ ದಶಕಗಳ ಗಡ್ಡ ನಿಷೇಧ ಸಡಿಲಿಸಿತಲ್ಲ, ಆ ಒಂದು ಉಪಕಾರಕ್ಕಾದರೂ ಚಪ್ಪಾಳೆ ಹೊಡೆಯಿರಿ.

ನಿಮ್ಮೊನನ್ನು ಕೊಟ್ಟು 35 ವರ್ಷದ ಸೀಮಿಯನ್‌ನನ್ನು ತಂದದ್ದು ಯಾವ ಬುದ್ಧಿವಂತಿಕೆ?
— ಸ್ಟ್ಯಾಮ್‌ಫರ್ಡ್, ಕನೆಕ್ಟಿಕಟ್

ಎರಡನೇ ಬೇಸ್‌ನಲ್ಲಿ ಕೈಗೆ ಸಿಕ್ಕ ಬಾಲ್ ಬಿಡದವನು ಬೇಕಿತ್ತು, ಸೀಮಿಯನ್ ಗೋಲ್ಡ್ ಗ್ಲೋವ್ (ಅತ್ಯುತ್ತಮ ಫೀಲ್ಡಿಂಗ್ ಪ್ರಶಸ್ತಿ) ಗೆದ್ದವನು. ಒಪ್ಪಂದದಲ್ಲಿ ಅವನಿಗೆ ಉಳಿದ ವರ್ಷಗಳೂ ನಿಮ್ಮೊಗಿಂತ ಕಡಿಮೆ. ಬುದ್ಧಿವಂತಿಕೆ ಅಷ್ಟೇ.

ಬ್ರ್ಯಾಂಡನ್ ನಿಮ್ಮೊ ವಯೋಮಿಂಗ್‌ನವನು. ಅವನ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. ಅಂಥವನನ್ನು ಮೆಟ್ಸ್ 2011ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿತು, ಅವನು ವಾಕ್ ಸಿಕ್ಕರೂ ಹೋಂ ರನ್ ಹೊಡೆದವನ ಹಾಗೆ ನಗುತ್ತಾ ಮೊದಲ ಬೇಸ್‌ಗೆ ಓಡುತ್ತಿದ್ದ. ವರ್ಗಾವಣೆ ಬೇಡವೆನ್ನುವ ಹಕ್ಕು ಒಪ್ಪಂದದಲ್ಲೇ ಇತ್ತು, ಅದನ್ನು ಬಿಟ್ಟುಕೊಟ್ಟು ಹೋದ. ಈ ಚಳಿಗಾಲದಲ್ಲಿ ನಾನು ಹೆಚ್ಚು ನೊಂದದ್ದು ಇದಕ್ಕೇ, ಪೀಟ್‌ಗಿಂತಲೂ. ಯಾಕೆಂದು ಕೇಳಿದರೆ ಅಂಕಿಅಂಶ ಕೊಡಲಾರೆ.

ನಾನು ಯಾಂಕೀಸ್ ಅಭಿಮಾನಿ. ಹ್ವಾನ್ ಸೋಟೊನನ್ನು ತಯಾರು ಮಾಡಿ ನಿಮ್ಮ ಮೆಟ್ಸ್‌ಗೆ ಕಳಿಸಿದ್ದಕ್ಕೆ ನಮಗೊಂದು ಥ್ಯಾಂಕ್ಸ್ ಹೇಳಬಾರದೇ?
— ಬ್ರಾಂಕ್ಸ್

ತಯಾರು ಮಾಡಿದ್ದು ವಾಷಿಂಗ್ಟನ್ ತಂಡ. ನೀವು ಒಂದು ವರ್ಷದ ಬಾಡಿಗೆದಾರರು.

ಡಾಡ್ಜರ್ಸ್ ಎಲ್ಲರನ್ನೂ ಕೊಳ್ಳುತ್ತಿದೆ. ಈಗ ಕೈಲ್ ಟಕರ್ ಕೂಡ! ಸ್ಯಾಲರಿ ಕ್ಯಾಪ್ (ತಂಡದ ಸಂಬಳದ ಖರ್ಚಿಗೆ ಮಿತಿ) ತಂದು ಇದಕ್ಕೆ ಕಡಿವಾಣ ಹಾಕಬೇಡವೇ ಮೇಡಂ?
— ಪಿಟ್ಸ್‌ಬರ್ಗ್

ಈ ತಿಂಗಳು ಅತಿ ಹೆಚ್ಚು ಬಂದ ಪ್ರಶ್ನೆ ಇದು. ನಿಮ್ಮ ಊರಿನಿಂದ ಬಂದದ್ದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಟಕರ್‌ಗೆ 4 ವರ್ಷಕ್ಕೆ 24 ಕೋಟಿ, ವರ್ಷಕ್ಕೆ ಸರಾಸರಿ 6 ಕೋಟಿ. ಅವನಿಗಾಗಿ ನಮ್ಮ ಮೆಟ್ಸ್ ಕೂಡ ಹಣದ ಚೀಲ ಹಿಡಿದು ಸಾಲಿನಲ್ಲಿ ನಿಂತಿತ್ತು. ಅವನು ಸಿಗದ ಮರುದಿನವೇ ಬೋ ಬಿಶೆಟ್‌ಗೆ 3 ವರ್ಷಕ್ಕೆ 12.6 ಕೋಟಿ ಸುರಿದರು. ಹಾಗಾಗಿ ಡಾಡ್ಜರ್ಸ್ ಹಣದ ಬಗ್ಗೆ ನಾನು ಬಾಯಿ ಬಿಟ್ಟರೆ ನನಗೇ ನಗು ಬರುತ್ತದೆ. ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಬರೆದುಕೊಟ್ಟವರು ನಾವು.

ಲಕ್ಷುರಿ ಟ್ಯಾಕ್ಸ್ ಎಂಬ ದಂಡ ಈಗಲೂ ಇದೆ. ತಂಡದ ಒಟ್ಟು ಸಂಬಳಕ್ಕೆ 2026ರ ಗೆರೆ 24.4 ಕೋಟಿ ಡಾಲರ್. ವರ್ಷವರ್ಷವೂ ಗೆರೆ ದಾಟುತ್ತ ಮೇಲಿನ ಮೆಟ್ಟಿಲಿಗೆ ಹೋದವರು ಅಲ್ಲಿಂದಾಚೆ ಖರ್ಚು ಮಾಡುವ ಪ್ರತಿ ಡಾಲರಿಗೆ 1 ಡಾಲರ್ 10 ಸೆಂಟ್ ದಂಡ ಕಟ್ಟಬೇಕು. ಅಂದರೆ ಟಕರ್‌ನ ನಿಜವಾದ ಬೆಲೆ ಎರಡು ಪಟ್ಟು ದಾಟುತ್ತದೆ, ಆದರೂ ಕೊಂಡರು. ಹಣವನ್ನು ಮುಂದೆ ಕೊಡುತ್ತೇವೆನ್ನುವ ವ್ಯವಸ್ಥೆಯ ಬಗ್ಗೆಯೂ ಹಲವರು ಬೈದು ಬರೆದಿದ್ದೀರಿ. ಡಾಡ್ಜರ್ಸ್‌ನ ಒಹ್ತಾನಿಯ 70 ಕೋಟಿಯಲ್ಲಿ 68 ಕೋಟಿ ಅವನ ಕೈ ಸೇರುವುದು 2034ರಿಂದ 2043ರವರೆಗೆ; ಅಲ್ಲಿಯತನಕ ವರ್ಷಕ್ಕೆ 20 ಲಕ್ಷ. ಕಳ್ಳಲೆಕ್ಕವಲ್ಲ ಅದು, ನಿಯಮದಲ್ಲೇ ಇದೆ, ಯಾವ ತಂಡ ಬೇಕಾದರೂ ಮಾಡಬಹುದು. ಹಳೆಯ ಆಟಗಾರ ಬಾಬಿ ಬೊನಿಯಾನಿಗೆ ಆಗಲೇ ಕೊಡಬೇಕಿದ್ದ 59 ಲಕ್ಷ ಉಳಿಸಿಕೊಂಡು, 2011ರಿಂದ 2035ರ ತನಕ ಪ್ರತಿ ಜುಲೈ 1ಕ್ಕೆ 11,93,248 ಡಾಲರ್ ಕೊಡಲು ಒಪ್ಪಿಕೊಂಡ ತಂಡದ ಅಭಿಮಾನಿ ನಾನು. ಇದನ್ನು ನಾನೇ ಹೇಳದೆ ಇನ್ಯಾರು ಹೇಳಬೇಕು?

ಈಗ ಕ್ಯಾಪ್ ವಿಷಯ. ಆಟಗಾರರ ಸಂಬಳಕ್ಕೆ ಮಿತಿ ಹಾಕಿದರೆ ಉಳಿಯುವ ಹಣ ಪಿಟ್ಸ್‌ಬರ್ಗ್‌ನಲ್ಲಿ ನಿಮ್ಮ ಜೇಬಿಗೆ ಬರುವುದಿಲ್ಲ, ಟಿಕೆಟ್ ದರವೂ ಇಳಿಯುವುದಿಲ್ಲ. ಮಾಲೀಕರ ಜೇಬಿನಲ್ಲಿ ಉಳಿಯುತ್ತದೆ. ದೊಡ್ಡ ತಂಡಗಳು ಕಟ್ಟುವ ಹಣದಲ್ಲಿ ಪಾಲು ಪಡೆದೂ ಆಟಗಾರರ ಮೇಲೆ ಖರ್ಚು ಮಾಡದವರಿಗೆ, ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡಕೂಡದು ಎಂಬ ನಿಯಮ ಮೊದಲು ಬರಲಿ. ಆಮೇಲೆ ಮೇಲಿನ ಮಿತಿಯ ಮಾತು. ಪಾಲ್ ಸ್ಕೀನ್ಸ್‌ನಂಥ ಪಿಚರ್ ನಿಮ್ಮ ಕೈಯಲ್ಲಿದ್ದಾನೆ. ಅವನ ಬೆನ್ನಿಗೆ ರನ್ ಹೊಡೆಯುವವರನ್ನು ಕೊಂಡುಕೊಡದಂತೆ ನಿಮ್ಮ ಮಾಲೀಕರ ಕೈ ಕಟ್ಟಿದವರು ಲಾಸ್ ಏಂಜಲೀಸ್‌ನಲ್ಲಿ ಯಾರೂ ಇಲ್ಲ.

ಇನ್ನೊಂದು ಮಾತು. ಕಳೆದ ವರ್ಲ್ಡ್ ಸೀರೀಸ್‌ನ ಏಳನೇ ಆಟದಲ್ಲಿ, ಟೊರಾಂಟೊ ಇನ್ನೆರಡು ಔಟ್ ತೆಗೆದಿದ್ದರೆ ಡಾಡ್ಜರ್ಸ್ ಮನೆಗೆ ಹೋಗುತ್ತಿತ್ತು. ಆಗ ಸಮ ಮಾಡಿದ ಹೋಂ ರನ್ ಹೊಡೆದದ್ದು ಒಹ್ತಾನಿಯೂ ಅಲ್ಲ, ಫ್ರೀಮನ್‌ನೂ ಅಲ್ಲ. ಬ್ಯಾಟಿಂಗ್ ಸಾಲಿನ ಕೊನೆಯಲ್ಲಿದ್ದ ಮಿಗೆಲ್ ರೋಹಾಸ್. ಅಂಥವನನ್ನು ಹುಡುಕಿಟ್ಟುಕೊಳ್ಳಲು ಬೇಕಾದದ್ದು ಹಣವಲ್ಲ.

ಓಕ್ಲೆಂಡ್ ಎ'ಸ್ ಹೋಯಿತು. ನಾನೀಗ ಯಾರ ಪರ ಕೂಗಲಿ?
— ಫ್ರೀಮಾಂಟ್, ಕ್ಯಾಲಿಫೋರ್ನಿಯಾ

1968ರಿಂದ ಆಡುತ್ತಿದ್ದ ಕೊಲಿಸಿಯಂ ಅನ್ನು 2024ರ ಸೆಪ್ಟೆಂಬರ್ 26ರಂದು ಬಿಟ್ಟು, ಊರಿನ ಹೆಸರೂ ಇಲ್ಲದೆ ಬರೀ 'ಅಥ್ಲೆಟಿಕ್ಸ್' ಎಂದು ವೆಸ್ಟ್ ಸ್ಯಾಕ್ರಮೆಂಟೊದ ಮೈನರ್ ಲೀಗ್ ಮೈದಾನದಲ್ಲಿ ದಿನ ದೂಡುತ್ತಿರುವ ತಂಡದ ಹಿಂದೆ ನೀವು ಹೋಗಬೇಕಿಲ್ಲ. 2028ಕ್ಕೆ ಲಾಸ್ ವೇಗಸ್ ಅಂತೆ, ಹೋಗಲಿ. ಗೆಳೆಯರು ಕರೆಯುತ್ತಾರೆಂದು ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಟೋಪಿ ಹಾಕಿಕೊಳ್ಳಬೇಕೆಂದೂ ಇಲ್ಲ. ವೆಸ್ಟ್ ಓಕ್ಲೆಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಬ್ಯಾಲರ್ಸ್ ಎಂಬ ಸ್ವತಂತ್ರ ತಂಡ ಪಯನಿಯರ್ ಲೀಗ್ ಆಡುತ್ತದೆ, ಕಳೆದ ವರ್ಷ ಚಾಂಪಿಯನ್ ಕೂಡ ಆಯಿತು. ಹತ್ತಿರದಲ್ಲಿ ಕೂತು ನೋಡಬಹುದು. ಅಲ್ಲಿ ಕೂಗಿದರೆ ಆಟಗಾರನಿಗೆ ಕೇಳಿಸುತ್ತದೆ.

2026ರ ಡಿಸೆಂಬರ್ 1ಕ್ಕೆ ಮಾಲೀಕರು–ಆಟಗಾರರ ಒಪ್ಪಂದ ಮುಗಿಯುತ್ತದೆ. 2027ರಲ್ಲಿ ಆಟ ನಡೆಯುತ್ತದೆಯೇ, ಇಲ್ಲವೇ?
— ಕ್ವಿನ್ಸಿ, ಮ್ಯಾಸಚೂಸೆಟ್ಸ್

ಮಾಲೀಕರು ಬೀಗ ಹಾಕುವುದು (ಲಾಕೌಟ್) ಹೆಚ್ಚುಕಡಿಮೆ ಖಚಿತ ಎಂದು ನನ್ನ ಅಂದಾಜು. ಬೀಗ ಎಷ್ಟು ದಿನ ಎಂಬುದೇ ಪ್ರಶ್ನೆ. ಕಳೆದ ಸಲ, 2021ರ ಡಿಸೆಂಬರ್‌ನಲ್ಲಿ ಶುರುವಾದ ಲಾಕೌಟ್ 99 ದಿನ ನಡೆದರೂ 162 ಆಟಗಳೂ ನಡೆದವು. 1994ರಲ್ಲಿ ಹಾಗಾಗಲಿಲ್ಲ. ಆಗಲೂ ಜಗಳ ಇದೇ ಕ್ಯಾಪ್ ಬಗ್ಗೆ. ಆಗಸ್ಟ್ 12ಕ್ಕೆ ಆಟಗಾರರು ಮುಷ್ಕರ ಹೂಡಿದರು, ವರ್ಲ್ಡ್ ಸೀರೀಸೇ ರದ್ದಾಯಿತು. 74-40ರಲ್ಲಿ ಎಲ್ಲರಿಗಿಂತ ಮುಂದಿದ್ದ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡಕ್ಕೆ ಆ ವರ್ಷ ಕೈತಪ್ಪಿದ್ದು ಮತ್ತೆ ದಕ್ಕಲಿಲ್ಲ. ಹತ್ತು ವರ್ಷಕ್ಕೆ ತಂಡವೇ ಊರು ಬಿಟ್ಟಿತು. 1995ರ ಮಾರ್ಚ್ 31ಕ್ಕೆ ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟು ಆಟ ಮತ್ತೆ ಶುರುವಾಗುವಂತೆ ಮಾಡಿದ ನ್ಯಾಯಾಧೀಶೆ ಸೋನಿಯಾ ಸೊಟೊಮಯೊರ್, ಈಗ ಸುಪ್ರೀಂ ಕೋರ್ಟ್‌ನಲ್ಲಿದ್ದಾರೆ.

2027ರ ಟಿಕೆಟ್‌ಗೆ ಈಗಲೇ ಹಣ ಕಟ್ಟಬೇಡಿ. ಈ ವರ್ಷದ ಆಟ ಒಂದೂ ಬಿಡಬೇಡಿ.

ಎಬಿಎಸ್ ಚಾಲೆಂಜ್ (ಅಂಪೈರ್ ತೀರ್ಪನ್ನು ಕ್ಯಾಮೆರಾದಿಂದ ಪರೀಕ್ಷಿಸುವುದು) ಅಂದರೆ ಅಂಪೈರ್ ಕೆಲಸ ಹೋಯಿತೇ? ನಮ್ಮ ಮನೆಯವರಿಗೆ ತಿಳಿಸಿ ಹೇಳಿ, ದಿನಾ ವಾದ.
— ಪ್ಲೇನೊ, ಟೆಕ್ಸಸ್

ಕೆಲಸ ಹೋಗಿಲ್ಲ. ಸ್ಟ್ರೈಕೋ (ವಲಯದ ಒಳಗೆ) ಬಾಲೋ (ಹೊರಗೆ) ಎಂದು ಕೂಗುವವರು ಈಗಲೂ ಅಂಪೈರೇ. ತಪ್ಪೆನಿಸಿದರೆ ಬ್ಯಾಟರ್, ಪಿಚರ್ ಅಥವಾ ಕ್ಯಾಚರ್, ಈ ಮೂವರಲ್ಲಿ ಒಬ್ಬರು ಕೂಡಲೇ ತಲೆಯ ಮೇಲೆ ತಟ್ಟಿಕೊಂಡು ಪ್ರಶ್ನಿಸಬಹುದು. ಡಗೌಟ್‌ನಿಂದ ಮ್ಯಾನೇಜರ್ ಸನ್ನೆ ಮಾಡುವಂತಿಲ್ಲ. ತಂಡಕ್ಕೆ ಎರಡು ಅವಕಾಶ, ಸರಿಯಾಗಿ ಕೇಳಿದರೆ ಅವಕಾಶ ಉಳಿಯುತ್ತದೆ. ಕ್ಯಾಮೆರಾ ಲೆಕ್ಕದಲ್ಲಿ ಸ್ಟ್ರೈಕ್ ವಲಯದ ಮೇಲಿನ ಗೆರೆ ಬ್ಯಾಟರ್ ಎತ್ತರದ ಶೇ 53.5, ಕೆಳಗಿನದು ಶೇ 27, ಅಗಲ ಪ್ಲೇಟಿನಷ್ಟೇ, 17 ಇಂಚು. ತೀರ್ಪು ದೊಡ್ಡ ಪರದೆಯ ಮೇಲೆ ಎಲ್ಲರ ಮುಂದೆ ಬರುತ್ತದೆ.

ನನಗೆ ಖುಷಿ. ಕಳೆದ ವರ್ಷ 127 ವಾಕ್ ಪಡೆದ ಸೋಟೊನ ಕಣ್ಣನ್ನು ನಂಬಿ ಹೇಳುತ್ತಿದ್ದೇನೆ. ಹೊರಗಿನ ಬಾಲನ್ನು ಮೆಲ್ಲಗೆ ಒಳಗೆಳೆದು ಸ್ಟ್ರೈಕ್ ಎನಿಸುತ್ತಿದ್ದ ಕ್ಯಾಚರ್‌ಗಳಿಗೆ ಮಾತ್ರ ಸ್ವಲ್ಪ ನಷ್ಟ. ಯಾವಾಗ ತಲೆ ತಟ್ಟಬಾರದು ಎಂದು ತಿಳಿದವನೇ ಈ ವರ್ಷ ಜಾಣ. ಎರಡನೇ ಇನ್ನಿಂಗ್ಸ್‌ನಲ್ಲೇ ಸಿಟ್ಟಿಗೆ ಎರಡನ್ನೂ ಕಳೆದು ಕೂರುವವರನ್ನು ಏಪ್ರಿಲ್‌ನಲ್ಲಿ ಬೇಕಾದಷ್ಟು ನೋಡುತ್ತೀರಿ.

ಮೆಟ್ಸ್‌ನ ಹಳೆಯ ಆಟಗಾರ ಕಾರ್ಲೋಸ್ ಬೆಲ್ಟ್ರಾನ್ ಕೊನೆಗೂ ಹಾಲ್ ಆಫ್ ಫೇಮ್ ಸೇರುತ್ತಿದ್ದಾನೆ. 2006ರ ಲೀಗ್ ಫೈನಲ್‌ನ ಏಳನೇ ಆಟದಲ್ಲಿ, ಬೇಸ್ ಎಲ್ಲ ತುಂಬಿ ಇಬ್ಬರು ಔಟಾಗಿದ್ದಾಗ ಸೇಂಟ್ ಲೂಯಿಸ್ ಪಿಚರ್ ವೇನ್‌ರೈಟ್‌ನ ಕರ್ವ್ ಬಾಲ್ ನೋಡುತ್ತ ನಿಂತನಲ್ಲ. ಆವತ್ತು ಎಬಿಎಸ್ ಇದ್ದಿದ್ದರೆ?
— ಬೇಸೈಡ್, ಕ್ವೀನ್ಸ್

ಅದು ಸ್ಟ್ರೈಕು.