ಲಕ್ವ ಹೊಡೆದ ಕೈ ಮತ್ತೆ ಕೆಲಸ ಕಲಿಯುತ್ತದೆಯೇ?

ನಿಮ್ಮ ತಂದೆಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯಿತು, ಎಡಗೈಯಲ್ಲಿ ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ, ಬಲಗೈ ಮಾತ್ರ ಬಂದಿಲ್ಲ ಎಂದು ಬರೆದಿದ್ದೀರಿ. ಕೈಗೆ ಪೆಟ್ಟೇ ಬಿದ್ದಿಲ್ಲ, ಮೆದುಳಿನ ಸ್ಕ್ಯಾನಿನಲ್ಲೂ ಸಣ್ಣದೊಂದು ಕಲೆ ಅಷ್ಟೇ, ಹಾಗಿದ್ದೂ ಕೈ ಯಾಕೆ ಆಡುವುದಿಲ್ಲ, ಮುಂದೆ ಬರುತ್ತದೋ ಇಲ್ಲವೋ ಎನ್ನುವುದು ನಿಮ್ಮ ಪ್ರಶ್ನೆ.

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಲಕ್ವ ಆದವರೇ. ನಿಮ್ಮ ತಂದೆಯವರನ್ನು ನೋಡದೆ ಕೈ ಇಷ್ಟು ಬರುತ್ತದೆ ಎಂದು ಹೇಳಲಾರೆ. ಒಳಗೆ ಏನಾಗಿದೆ, ಮನೆಯಲ್ಲಿ ಏನು ಬದಲಾಗಬೇಕು ಎಂಬುದನ್ನಂತೂ ಹೇಳಬಲ್ಲೆ.

ಬಲಗೈಗೆ ಅಪ್ಪಣೆ ಹೊರಡುವುದು ಮೆದುಳಿನ ಎಡಭಾಗದ ಮೇಲ್ಪದರದಿಂದ. ಅಲ್ಲಿಂದ ಸುಮಾರು ಹತ್ತು ಲಕ್ಷ ನರತಂತುಗಳ ಕಟ್ಟೊಂದು ಕೆಳಗಿಳಿಯುತ್ತದೆ. ಮೆದುಳು ಮುಗಿದು ಬೆನ್ನುಹುರಿ ಶುರುವಾಗುವ ಕಡೆ ಅದರ ಬಹುಪಾಲು ತಂತುಗಳು ಎಡದಿಂದ ಬಲಕ್ಕೆ ದಾಟುತ್ತವೆ. ಮೆದುಳಿನ ಆಳದಲ್ಲಿ ಒಂದು ಕಡೆ ಈ ತಂತುಗಳೆಲ್ಲ ಒತ್ತೊತ್ತಾಗಿ ಸೇರಿಕೊಂಡು ಹಾಯುತ್ತವೆ. ಅಲ್ಲಿ ರಕ್ತ ನಿಂತು ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ಜಾಗ ಸತ್ತರೂ ಅರ್ಧ ಮೈ ಬಿದ್ದುಹೋಗಬಹುದು. ಕಲೆ ಚಿಕ್ಕದಿದ್ದು ಕೈ ಪೂರ್ತಿ ಹೋಗಿರುವುದಕ್ಕೆ ಎಷ್ಟೋ ಜನರಲ್ಲಿ ಇದೇ ಕಾರಣ. ಸ್ನಾಯು, ಮೂಳೆ, ಕೈಯ ನರ ಎಲ್ಲ ಸರಿಯಾಗಿಯೇ ಇರುತ್ತವೆ, ಅಪ್ಪಣೆ ಬಂದು ತಲುಪುವುದಿಲ್ಲ.

ನಡಿಗೆ ಬಂದು ಕೈ ಯಾಕೆ ಬರಲಿಲ್ಲ? 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಎಂಬ ಸಂಶೋಧಕರು ಕೋತಿಗಳಲ್ಲಿ ಈ ತಂತುಗಳ ಕಟ್ಟನ್ನೇ ಎರಡೂ ಬದಿ ಕತ್ತರಿಸಿ ನೋಡಿದರು. ಕೋತಿಗಳು ಮತ್ತೆ ಓಡಾಡಿದವು, ಹತ್ತಿ ಇಳಿದವು. ಆದರೆ ಒಂದೊಂದು ಬೆರಳನ್ನು ಬೇರೆ ಬೇರೆಯಾಗಿ ಆಡಿಸುವುದು ಮಾತ್ರ ಮರಳಲಿಲ್ಲ. ನಿಲ್ಲುವುದಕ್ಕೆ, ನಡೆಯುವುದಕ್ಕೆ ಬೆನ್ನುಹುರಿಯಲ್ಲೇ ಒಂದಿಷ್ಟು ವ್ಯವಸ್ಥೆ ಇದೆ, ಮೆದುಳಿನ ಬುಡದಿಂದ ಬೇರೆ ದಾರಿಗಳೂ ಇವೆ. ಗುಂಡಿ ಹಾಕುವ, ಅನ್ನ ಕಲಸುವ ಬೆರಳುಗಳು ನೆಚ್ಚಿಕೊಂಡಿರುವುದು ಹೆಚ್ಚಾಗಿ ಆ ಒಂದು ದಾರಿಯನ್ನೇ. ಹಾಗಾಗಿ ಕೈ ನಿಧಾನವಾಗುವುದು ನಿಮ್ಮ ತಂದೆಯವರ ಸೋಮಾರಿತನವಲ್ಲ. ಇದನ್ನು ಮನೆಯವರೆಲ್ಲರಿಗೂ ದಯವಿಟ್ಟು ಹೇಳಿ.

ಇನ್ನು ಕಲಿಯುವ ವಿಷಯ. ತುಂಬಿದೆ ಎಂದುಕೊಂಡು ಖಾಲಿ ಕೊಡ ಎತ್ತಿದರೆ ಕೈ ಸರ್ರನೆ ಮೇಲೆ ಹೋಗುತ್ತದೆ. ಎತ್ತುವ ಮೊದಲೇ ಮೆದುಳು ಭಾರವನ್ನು ಅಂದಾಜು ಮಾಡಿ ಬಲವನ್ನು ಲೆಕ್ಕ ಹಾಕಿರುತ್ತದೆ. ಅಂದಾಜು ತಪ್ಪಿದ್ದು ಗೊತ್ತಾದ ಕೂಡಲೇ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಯಲ್ಲಿ ದೊಡ್ಡ ಪಾಲು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನದು. ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇರುವುದು ಅಲ್ಲೇ. ಅಂದರೆ ತಪ್ಪು ಮಾಡದೆ ಕಲಿಯುವುದಕ್ಕೆ ಆಗುವುದಿಲ್ಲ. ನೀವು ಅವರ ಬೆರಳನ್ನು ಹಿಡಿದು ಬಿಚ್ಚಿ ಮಡಿಸಿದರೆ ಕೀಲು ಬಿಗಿಯದಂತೆ ಕಾಯುತ್ತದೆ, ಅದು ಬೇಕೂ ಹೌದು. ಆದರೆ ಲೋಟಕ್ಕೆ ಕೈ ಚಾಚಿ, ತಪ್ಪಿ, ಮತ್ತೆ ಚಾಚುವುದನ್ನು ಅವರೇ ಮಾಡಬೇಕು.

ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು 1996ರಲ್ಲಿ ರ‍್ಯಾಂಡಾಲ್ಫ್ ನ್ಯೂಡೋ ಎಂಬ ಸಂಶೋಧಕರ ತಂಡ ತೋರಿಸಿತು. ಮೆದುಳಿನ ಕೈಯ ಜಾಗದಲ್ಲಿ ಸಣ್ಣ ಗಾಯವಾದ ಕೋತಿಗಳನ್ನು ಸುಮ್ಮನೆ ಬಿಟ್ಟಾಗ, ಗಾಯದ ಪಕ್ಕದಲ್ಲಿ ಸರಿಯಾಗಿಯೇ ಇದ್ದ ಕೈಯ ಜಾಗವೂ ಕುಗ್ಗಿತು. ಚಿಕ್ಕ ಗುಳಿಗಳಿಂದ ಕಾಳು ಹೆಕ್ಕುವ ತರಬೇತಿ ಕೊಟ್ಟ ಕೋತಿಗಳಲ್ಲಿ ಆ ಜಾಗ ಉಳಿಯಿತು, ಕೆಲವುಗಳಲ್ಲಿ ಅಕ್ಕಪಕ್ಕಕ್ಕೂ ಹರಡಿತು. ದಿನಕ್ಕೆ ನೂರಾರು ಸಲ ಹೆಕ್ಕುತ್ತಿದ್ದವು ಅವು. ಲಕ್ವದ ಚಿಕಿತ್ಸಾ ಕೇಂದ್ರಗಳಲ್ಲಿ ಎಣಿಸಿ 2009ರಲ್ಲಿ ಪ್ರಕಟಿಸಿದಾಗ, ಒಂದು ಸೆಷನ್ನಿನಲ್ಲಿ ರೋಗಿಯ ಕೈ ನಿಜವಾದ ಕೆಲಸ ಮಾಡಿದ್ದು ಸರಾಸರಿ 32 ಸಲ. ವಾರಕ್ಕೆ ಎರಡು ದಿನ ನಮ್ಮ ಹತ್ತಿರ ಬಂದು ಹೋದರೆ ಸಾಕು ಎಂದುಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕೈಗೆ ಇನ್ನೊಂದು ತೊಡಕು ಒಳ್ಳೆಯ ಕೈಯೇ. ಮೊದಲ ವಾರಗಳಲ್ಲಿ ಬಲಗೈ ಸೋಲುತ್ತದೆ, ಎಡಗೈ ಎಲ್ಲ ಕೆಲಸ ಎತ್ತಿಕೊಳ್ಳುತ್ತದೆ. ಆಮೇಲೆ ಬಲಗೈಗೆ ಸ್ವಲ್ಪ ಶಕ್ತಿ ಬಂದರೂ ಅದನ್ನು ಯಾರೂ ಕೇಳುವುದಿಲ್ಲ. ಎಡ್ವರ್ಡ್ ಟೌಬ್ ಎಂಬ ಸಂಶೋಧಕರು ಇದರ ಮೇಲೆಯೇ ಒಂದು ಚಿಕಿತ್ಸೆ ಕಟ್ಟಿದರು: ಒಳ್ಳೆಯ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ದಿನವಿಡೀ ಕೆಲಸ ಮಾಡಿಸುವುದು. ಲಕ್ವ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರ ಮೇಲೆ ಎರಡು ವಾರ ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯವರಿಗಿಂತ ಗವಸು ಹಾಕಿಸಿಕೊಂಡವರ ಕೈ ಚೆನ್ನಾಗಿ ಸುಧಾರಿಸಿತ್ತು, ಒಂದು ವರ್ಷದ ನಂತರವೂ. ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ತಾವೇ ಬಿಚ್ಚಬಲ್ಲವರನ್ನಷ್ಟೇ ಅದಕ್ಕೆ ಸೇರಿಸಿಕೊಂಡಿದ್ದರು. ನಿಮ್ಮ ತಂದೆಯವರ ಕೋಲು ಎಡಗೈಯಲ್ಲಿದೆ. ಆ ಕೈಗೆ ಗವಸು ಹಾಕುವುದಿದ್ದರೆ ಕೂತಾಗ ಮಾತ್ರ, ಅದೂ ಥೆರಪಿಸ್ಟರನ್ನು ಕೇಳಿಯೇ. ಬಿದ್ದು ಸೊಂಟ ಮುರಿದರೆ ಎಲ್ಲ ಹಾಳು.

ಹಾಗೆಯೇ ಕೈಯಲ್ಲಿ ಹಿಸುಕುವ ಆ ಹಳದಿ ಸ್ಮೈಲಿ ಬಾಲ್. ಎಲ್ಲರ ಮನೆಯಲ್ಲೂ ಇರುತ್ತದೆ. ಲಕ್ವದ ನಂತರ ಬೆರಳು ಮಡಚಿಕೊಳ್ಳುವುದು ತಾನಾಗಿಯೇ ಬಿಗಿಯುತ್ತದೆ, ಕಷ್ಟವಿರುವುದು ಬಿಚ್ಚುವುದರಲ್ಲಿ. ಇಡೀ ದಿನ ಚೆಂಡು ಹಿಸುಕುವುದಕ್ಕಿಂತ ಹಿಡಿದ ಲೋಟವನ್ನು ಬಿಡುವುದು, ಬಟಾಣಿ ಸಿಪ್ಪೆಯನ್ನು ಬದಿಗೆ ತಳ್ಳುವುದು, ಮೇಜನ್ನು ಬಟ್ಟೆಯಿಂದ ಒರೆಸುತ್ತಾ ಮುಂದಕ್ಕೆ ಚಾಚುವುದು ಮೇಲು. ಅಂಗಿ ತೊಡಿಸುವಾಗ ಆ ತೋಳನ್ನು ಎಳೆಯಬೇಡಿ, ಸಡಿಲವಾದ ಭುಜ ಜಾರಿ ನೋವು ಹಿಡಿದರೆ ಅಭ್ಯಾಸವೇ ನಿಂತುಹೋಗುತ್ತದೆ. ಪಾರಿವಾಳದ ರಕ್ತ ಹಚ್ಚಿ ಎನ್ನುವವರು ಬಂದೇ ಬರುತ್ತಾರೆ, ಅದರಿಂದ ಏನೂ ಆಗುವುದಿಲ್ಲ.

ನನ್ನ ಹತ್ತಿರ ಒಬ್ಬ ಟೈಲರ್ ಬರುತ್ತಿದ್ದರು. ಚಹಾದ ಲೋಟಕ್ಕೆ ಕೈ ಚಾಚಿದರೆ ಮೊದಲು ಭುಜ ಕಿವಿಯ ಹತ್ತಿರ ಏರುತ್ತಿತ್ತು, ಆಮೇಲೆ ಇಡೀ ಮೈ ಮುಂದಕ್ಕೆ ಬಾಗುತ್ತಿತ್ತು, ಮೊಣಕೈ ಮಾತ್ರ ಬಿಚ್ಚುತ್ತಲೇ ಇರಲಿಲ್ಲ. ಬೆನ್ನನ್ನು ಕುರ್ಚಿಗೆ ಒರಗಿಸಿ, ಲೋಟವನ್ನು ಹತ್ತಿರ ತಂದು, ಮೊಣಕೈ ಎಷ್ಟು ಬಿಚ್ಚಿತೋ ಅಷ್ಟಷ್ಟೇ ದೂರ ಸರಿಸುತ್ತಾ ಹೋದೆವು. ಅವರಿಗೆ ಬೇಕಿದ್ದದ್ದು ಕತ್ತರಿ ಹಿಡಿಯುವುದು, ಅದು ಬರಲಿಲ್ಲ. ಬಟ್ಟೆಯನ್ನು ಬಲಗೈಯಿಂದ ಒತ್ತಿ ಹಿಡಿಯುವಷ್ಟು ಬಂತು, ಎಡಗೈಯಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಳತೆಯ ಕೆಲಸಕ್ಕೆ ಮರಳಿದರು.

ನೀವು ಒಂದು ಕೆಲಸ ಮಾಡಿ. ತಂದೆಯವರ ಮುಂಗೈಯನ್ನು ಮೇಜಿನ ಮೇಲಿಟ್ಟು ಬೆರಳು ಬಿಚ್ಚಲು ಹೇಳಿ, ಅವಸರ ಮಾಡಬೇಡಿ. ಕೂದಲೆಳೆಯಷ್ಟು ಬಿಚ್ಚಿದರೂ ಮೇಲೆ ಹೇಳಿದ ಅಭ್ಯಾಸಕ್ಕೆ ದಾರಿಯಿದೆ. ಏನೂ ಅಲುಗದಿದ್ದರೆ ಕನ್ನಡಿ ಚಿಕಿತ್ಸೆಯಿಂದ ಶುರು ಮಾಡಬಹುದು: ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಒಳ್ಳೆಯ ಕೈಯ ಪ್ರತಿಬಿಂಬ ನೋಡುತ್ತಾ ಎರಡನ್ನೂ ಆಡಿಸಲು ಯತ್ನಿಸುವುದು. ಮುಟ್ಟಿದರೆ ಗೊತ್ತಾಗುತ್ತದೆಯೇ ಎಂಬುದನ್ನೂ ಕಣ್ಣು ಮುಚ್ಚಿಸಿ ನೋಡಿ, ಎರಡನ್ನೂ ಇಲ್ಲೇ ಕೆಳಗೆ ಬರೆಯಿರಿ. ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.