‘ಮಗಳಿಗೆ ಲೆಕ್ಕ ತಲೆಗೆ ಹೋಗುವುದಿಲ್ಲ’: ಶಂಕರಪುರದ ಓದುಗರಿಗೆ ಸಂಪಾದಕರ ಉತ್ತರ

(ಪತ್ರದ ಸಾರ: ಮಗಳು ಐದನೇ ಕ್ಲಾಸು, ಕನ್ನಡ ಮೀಡಿಯಂ. ಪಾಠ ಚೆನ್ನಾಗಿ ಓದುತ್ತಾಳೆ, ಯಕ್ಷಗಾನದ ಹೆಜ್ಜೆ ಬೇಗ ಕಲಿಯುತ್ತಾಳೆ. ಆದರೆ 8ಕ್ಕೆ 7 ಕೂಡಿಸಲು ಇನ್ನೂ ಬೆರಳು ಬೇಕು. ಮುನ್ನೂರ ಐದು ಅಂದರೆ 3005 ಬರೆಯುತ್ತಾಳೆ. ಗಣಿತ ಪರೀಕ್ಷೆಯ ದಿನ ಹೊಟ್ಟೆನೋವು. ‘ಉದಾಸೀನ ಜಾಸ್ತಿ’ ಎಂದು ಟೀಚರ್ ಹೇಳಿದ್ದಾರೆ. ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಾ ನಾನು ಮಗ್ಗಿ ಕೇಳುತ್ತೇನೆ, ತಪ್ಪಿದರೆ ಬೈಯುತ್ತೇನೆ, ಕೊನೆಗೆ ಇಬ್ಬರೂ ಅಳುವುದು. ನನಗೂ ಗಣಿತ ಬರುತ್ತಿರಲಿಲ್ಲ. ಇದು ನನ್ನಿಂದ ಬಂದದ್ದಾ? ರೋಗವಾ? ಟ್ಯೂಷನ್ ಇನ್ನೊಂದು ಗಂಟೆ ಜಾಸ್ತಿ ಮಾಡಿಸಲಾ?)

ಪ್ರೀತಿಯ ಅಕ್ಕಾ,

ಟ್ಯೂಷನ್ ವಿಷಯ ಮೊದಲು ಹೇಳಿಬಿಡುತ್ತೇನೆ. ಜಾಸ್ತಿ ಮಾಡಿಸಬೇಡಿ. ಬೆಳಗ್ಗಿನ ಮಗ್ಗಿ ಕೇಳುವುದನ್ನೂ ನಾಳೆಯಿಂದಲೇ ನಿಲ್ಲಿಸಿ. ಹಾಗಂತ ಮಗಳ ಗಣಿತವನ್ನು ಕೈಬಿಡಿ ಎನ್ನುತ್ತಿಲ್ಲ. ನಿಮ್ಮ ಪತ್ರ ಓದಿದರೆ ಅವಳಿಗೆ ಎರಡು ಕಷ್ಟ ಇರುವಂತೆ ಕಾಣುತ್ತದೆ. ಒಂದು ಸಂಖ್ಯೆಯದ್ದು, ಇನ್ನೊಂದು ಹೆದರಿಕೆಯದ್ದು. ಹೆದರಿಕೆ ಇಳಿಯದೆ ಸಂಖ್ಯೆಯ ಕಷ್ಟ ಎಷ್ಟು ಎಂದು ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ.

ಆ 3005 ಅನ್ನು ಒಮ್ಮೆ ನೋಡಿ. ಕಿವಿಗೆ ಮುನ್ನೂರು ಬಿತ್ತು, 300 ಬರೆದಳು. ಐದು ಬಿತ್ತು, ಪಕ್ಕದಲ್ಲಿ 5 ಇಟ್ಟಳು. ಉದಾಸೀನದ ಮಗು ಹೀಗೆ ಬರೆಯುವುದಿಲ್ಲ. ಕೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದಾಳೆ. ಅಂಕೆ ಕೂತ ಜಾಗಕ್ಕೂ ಬೆಲೆ ಉಂಟು ಎನ್ನುವುದು ಮಾತ್ರ ಅವಳ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಚಿಕ್ಕ ಕ್ಲಾಸಿನಲ್ಲಿ ಸುಮಾರು ಮಕ್ಕಳು ಹೀಗೆ ಬರೆಯುತ್ತಾರೆ, ಆಮೇಲೆ ತಾವಾಗಿಯೇ ಸರಿಯಾಗುತ್ತಾರೆ. ಐದನೇ ಕ್ಲಾಸಿನಲ್ಲೂ ಇದು ಉಳಿದಿದೆ, ಜೊತೆಗೆ ಸಣ್ಣ ಕೂಡಿಸುವ ಲೆಕ್ಕಕ್ಕೂ ಬೆರಳು ಬೇಕು ಎಂದರೆ ಡಿಸ್‌ಕ್ಯಾಲ್ಕುಲಿಯಾ ಇದೆಯಾ ಎಂದು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು.

ಡಿಸ್‌ಕ್ಯಾಲ್ಕುಲಿಯಾ ಎನ್ನುವುದು ರೋಗ ಅಲ್ಲ. ಕಲಿಕೆಯ ಒಂದು ನ್ಯೂನತೆ. ಬುದ್ಧಿ ಚುರುಕಾಗಿಯೇ ಇರುತ್ತದೆ, ಸಂಖ್ಯೆ ಎಂದರೆ ‘ಇಷ್ಟು’ ಎನ್ನುವ ಅಂದಾಜು ಮಾತ್ರ ಸುಲಭಕ್ಕೆ ಹುಟ್ಟುವುದಿಲ್ಲ. ಮೇಜಿನ ಮೇಲೆ ಮೂರೋ ನಾಲ್ಕೋ ಗೋಳಿ ಇಟ್ಟರೆ ನಾವು ಎಣಿಸದೆ, ನೋಡಿದ ಕೂಡಲೇ ಹೇಳುತ್ತೇವೆ ಅಲ್ವಾ? ಈ ಮಕ್ಕಳಲ್ಲಿ ಹಲವರು ಅದನ್ನೂ ಒಂದೊಂದಾಗಿ ಎಣಿಸುತ್ತಾರೆ. 6 ದೊಡ್ಡದಾ 8 ದೊಡ್ಡದಾ ಎಂದರೆ ಒಂದು ಕ್ಷಣ ತಡವರಿಸುತ್ತಾರೆ. ಗಡಿಯಾರ ನೋಡುವುದು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಾಕುವುದು ಕೂಡ ಕಷ್ಟ. ನೂರು ಮಕ್ಕಳಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಇದು ಇರುತ್ತದೆ. ಅಂದರೆ ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ.

ನಿಮ್ಮ ಮಗಳಿಗೆ ಇದೇ ಇದೆ ಎಂದು ಪತ್ರ ನೋಡಿ ನಾನು ಹೇಳುವಂತಿಲ್ಲ. ಕಣ್ಣು, ಕಿವಿ ಮೊದಲು ತೋರಿಸಬೇಕು. ಹಿಂದಿನ ಕ್ಲಾಸುಗಳಲ್ಲಿ ಪಾಠ ತಪ್ಪಿಹೋಗಿದೆಯಾ ನೋಡಬೇಕು. ಇನ್ನೊಂದು ನಮ್ಮ ಊರಿನದ್ದೇ ವಿಷಯ. ಮನೆಯಲ್ಲಿ ತುಳು ಮಾತಾಡುವ ಮಗು ಒಂಜಿ, ರಡ್ಡ್, ಮೂಜಿ ಎಂದು ಎಣಿಸಲು ಕಲಿತಿರುತ್ತದೆ. ಶಾಲೆಗೆ ಬಂದರೆ ಅಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು. ಮೂರೂ ಕಿವಿಗೆ ಒಂದೇ ಥರ. ಪರೀಕ್ಷೆ ಮಾಡುವವರಿಗೆ ಮನೆಮಾತು ಯಾವುದು ಎಂದು ಹೇಳಲು ಮರೆಯಬೇಡಿ.

ಈಗ ಹೊಟ್ಟೆನೋವು. ಅದು ನಾಟಕ ಎಂದು ದಯವಿಟ್ಟು ಹೇಳಬೇಡಿ. ಹೆದರಿದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಪದೇ ಪದೇ ಬಂದರೆ ಡಾಕ್ಟರಿಗೂ ಒಮ್ಮೆ ತೋರಿಸಿ. ಲೆಕ್ಕ ಮಾಡುವಾಗ ದಶಕ ನೆನಪಿಡಬೇಕು, ಮುಂದಿನ ಹೆಜ್ಜೆಯನ್ನೂ ಯೋಚಿಸಬೇಕು. ಅದಕ್ಕೆ ತಲೆಯಲ್ಲಿರುವ ಜಾಗವೇ ಸ್ವಲ್ಪ. ‘ತಪ್ಪಿದರೆ ಬೈಗುಳ’ ಎನ್ನುವ ಯೋಚನೆ ಆ ಜಾಗವನ್ನೇ ತಿನ್ನುತ್ತದೆ. ಮನೆಯಲ್ಲಿ ಬಂದ ಲೆಕ್ಕ ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದಾಗ ಬಾರದಿರುವುದು ಇದಕ್ಕೇ. ಡಿಸ್‌ಕ್ಯಾಲ್ಕುಲಿಯಾ ಇಲ್ಲದ ಮಕ್ಕಳಿಗೂ ಈ ಹೆದರಿಕೆ ಬರುತ್ತದೆ.

‘ನನ್ನಿಂದ ಬಂದದ್ದಾ’ ಎಂದು ಕೇಳಿದ್ದೀರಿ. ಡಿಸ್‌ಕ್ಯಾಲ್ಕುಲಿಯಾ ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿಗೆ ಇರುವುದುಂಟು. ಅದು ಯಾರ ತಪ್ಪೂ ಅಲ್ಲ. ಆದರೆ ಹೆದರಿಕೆಯನ್ನು ನಾವು ಗೊತ್ತಿಲ್ಲದೆ ದಾಟಿಸಬಹುದು. ಅಮೆರಿಕದಲ್ಲಿ ಒಂದು, ಎರಡನೇ ಕ್ಲಾಸಿನ ಮಕ್ಕಳನ್ನು ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಗಣಿತ ಎಂದರೆ ಹೆದರುವ ತಂದೆತಾಯಿ ಪದೇ ಪದೇ ಹೋಮ್‌ವರ್ಕ್ ಮಾಡಿಸಿದಲ್ಲಿ ಮಕ್ಕಳು ಆ ವರ್ಷ ಕಲಿತದ್ದು ಕಡಿಮೆ, ಹೆದರಿದ್ದು ಜಾಸ್ತಿ ಎಂದು ಅದರಲ್ಲಿ ಕಂಡಿತು. ಹಾಗಾಗಿ ಹೋಮ್‌ವರ್ಕ್ ಮನೆಯಲ್ಲಿ ಬೇರೆಯವರು ನೋಡಿಕೊಳ್ಳಲಿ. ‘ನಮ್ಮ ಮನೆಯವರಿಗೆ ಲೆಕ್ಕ ಆಗಿಬರುವುದಿಲ್ಲ’ ಎನ್ನುವ ಮಾತು ಅವಳ ಕಿವಿಗೆ ಬೀಳುವುದು ಬೇಡ.

ಅದು ನಿಜವೂ ಅಲ್ಲ, ಅಕ್ಕಾ. ನಿಮ್ಮ ಮಲ್ಲಿಗೆಯ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ 3200 ಹೂವಿನ ಲೆಕ್ಕ ದಿನಾ ನಿಮ್ಮ ಕೈಯಲ್ಲೇ ಇದೆ. ಅದನ್ನೇ ಮಗಳಿಗೆ ಕೊಡಿ. ಮಾರುವ ಹೂ ಬೇಡ, ಹಳೆಯ ಹಿಡಿಸೂಡಿಯ ಕಡ್ಡಿ ತುಂಡು ಮಾಡಿ. ಹತ್ತು ಕಡ್ಡಿಗೆ ಒಂದು ಕಟ್ಟು, ಹೂ ಕಟ್ಟುವ ಬಾಳೆನಾರಿನಲ್ಲೇ. ಅಂಥ ಹತ್ತು ಕಟ್ಟು ಸೇರಿಸಿದರೆ ನೂರರ ದೊಡ್ಡ ಕಟ್ಟು. ಕಟ್ಟುವ ಕೆಲಸ ಅವಳೇ ಮಾಡಲಿ, ವಾರ ಹಿಡಿದರೂ ಅಡ್ಡಿಯಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ಮೂರು ಮನೆ ಬರೆದು ಮುನ್ನೂರ ಐದು ಇಡಲು ಹೇಳಿ. ಎಡದ ಮನೆಯಲ್ಲಿ ನೂರರ ಕಟ್ಟು ಮೂರು. ಬಲದ ಮನೆಯಲ್ಲಿ ಬಿಡಿ ಕಡ್ಡಿ ಐದು. ನಡುವಿನ ಮನೆ ಖಾಲಿ. ಆ ಖಾಲಿ ಮನೆಗೆ ಏನು ಬರೆಯುವುದು ಎಂದು ಕೇಳಿ, ಸುಮ್ನೆ ಕಾಯಿರಿ. ಸೊನ್ನೆ ಯಾಕೆ ಬೇಕು ಎನ್ನುವುದು ಅವಳ ಕಣ್ಣೆದುರಿಗೇ ಇರುತ್ತದೆ. ನೀವು ಬಾಯಿಬಿಟ್ಟು ಹೇಳಬೇಡಿ.

8ಕ್ಕೆ 7 ಕೂಡಿಸುವುದಕ್ಕೂ ಅದೇ ಕಡ್ಡಿ. ಎಂಟು ಹತ್ತಾಗಲು ಎರಡು ಬೇಕು, ಏಳರಿಂದ ಎರಡು ತೆಗೆದರೆ ಐದು ಉಳಿಯಿತು. ಹತ್ತೂ ಐದೂ ಹದಿನೈದು. ಬೆರಳು ಮಡಚಿದರೆ ಮಡಚಲಿ, ಕೈ ಹಿಡಿದು ನಿಲ್ಲಿಸಬೇಡಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಗಡಿಯಾರ ಎದುರಿಗೆ ಬೇಡ.

ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಇಳಿಸಿ. ಅದನ್ನು ಆಡುವ ಆಟಿ ತಿಂಗಳು ಬರಲಿ ಎಂದು ಕಾಯಬೇಡಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ನಾಲ್ಕನ್ನು ಎಣಿಸದೆ ಗುರುತಿಸುವುದು, ಒಂದೊಂದು ಗುಳಿಗೆ ಒಂದೊಂದೇ ಹಾಕುತ್ತಾ ಹೋಗುವುದು, ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಅಂದಾಜು ಮಾಡುವುದು, ಇವಳಿಗೆ ಬೇಕಾದ ಅಭ್ಯಾಸ ಎಲ್ಲವೂ ಅದರಲ್ಲಿ ಇದೆ. ಅಜ್ಜಿ ಇದ್ದರೆ ಅವರೇ ಆಡಲಿ. ಅಜ್ಜಿ ಮಾರ್ಕು ಕೊಡುವುದಿಲ್ಲ.

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಐವತ್ತು ಕೆಲಸದ ನಡುವೆ ಅವರಿಗೆ ಇದನ್ನು ಹೇಳಿಕೊಟ್ಟವರೂ ಇರಲಿಕ್ಕಿಲ್ಲ. ಎಬ್ಬಿಸಿ ನಿಲ್ಲಿಸಿ ಮಗ್ಗಿ ಕೇಳುವುದು ಬೇಡ, ಮಗ್ಗಿಯ ಹಾಳೆ ಎದುರಿಗೆ ಇಟ್ಟುಕೊಳ್ಳಲು ಬಿಡಿ, ಹತ್ತು ಲೆಕ್ಕದ ಬದಲು ನಾಲ್ಕು ಕೊಡಿ, ಚೌಕದ ಪುಸ್ತಕದಲ್ಲಿ ಬರೆಯಲಿ. ಇಷ್ಟು ಕೇಳಿಕೊಳ್ಳಿ. ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರು ಬಿ.ಆರ್.ಸಿ.ಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಇರುತ್ತಾರೆ, ಅವರಿಗೆ ತಿಳಿಸಲೂ ಹೇಳಿ.

ಡಿಸ್‌ಕ್ಯಾಲ್ಕುಲಿಯಾ ಪರೀಕ್ಷೆಗೆ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲು ವಿಚಾರಿಸಿ. ಮಂಗಳೂರು ಹತ್ತಿರವಾಗುವ ಓದುಗರು ಅಲ್ಲಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಕೇಳಬಹುದು. ಮನಃಶಾಸ್ತ್ರಜ್ಞರು ಮಗುವಿನ ಜೊತೆ ಕೂತು ಮಾಡುವ ಪರೀಕ್ಷೆ ಇದು, ರಕ್ತ ತೆಗೆಯುವುದು, ಸ್ಕ್ಯಾನ್ ಏನೂ ಇಲ್ಲ. ಮಗಳಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಡಿಸ್‌ಕ್ಯಾಲ್ಕುಲಿಯಾ ಹೆಸರು ಹಿಡಿದೇ ಸೇರಿದೆ. ಸರ್ಟಿಫಿಕೇಟ್ ಸಿಕ್ಕರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗೆ ಶಾಲೆಯ ಮೂಲಕ ಅರ್ಜಿ ಹಾಕಬಹುದು. ‘ಸರ್ಟಿಫಿಕೇಟ್ ಮಾಡಿಸಿದರೆ ನಾಳೆ ಮದುವೆಗೆ ತೊಂದರೆ’ ಎನ್ನುವ ನೆಂಟರು ಇರುತ್ತಾರೆ. ಅವರ ಮಾತಿಗೆ ಹೆದರಿ ಮಗಳ ಹಕ್ಕು ಬಿಟ್ಟುಕೊಡಬೇಡಿ.

ವರದಿ ಬಂದ ಮೇಲೆ ನಮಗೆ ಬರೆಯಿರಿ. ಅದರಲ್ಲಿರುವ ಮಾತು ಅರ್ಥವಾಗದಿದ್ದರೆ ಒಂದು ಪ್ರತಿ ಕಳಿಸಿ, ತಿಳಿದವರಿಂದ ಬಿಡಿಸಿ ಹೇಳಿಸುವ ಜವಾಬ್ದಾರಿ ನನ್ನದು.

– ಸಂ.