ಗಸ್ತು ಹೆಚ್ಚಿಸಿದರೆ ಕಳ್ಳತನ ನಿಲ್ಲುವುದೇ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಮನೆಗಳ್ಳತನ ಹೆಚ್ಚಾದ ಮೇಲೆ ಸಮಿತಿ ರಚಿಸಿಕೊಂಡು ಪ್ರತಿ ತಿಂಗಳು ಪೊಲೀಸರೊಂದಿಗೆ ಸಭೆ ನಡೆಸುತ್ತಿದ್ದೇವೆ. ನಾವು ಗಸ್ತು ಹೆಚ್ಚಿಸಿ ಎನ್ನುತ್ತೇವೆ, ಅವರು ಸಿಬ್ಬಂದಿ ಕೊರತೆ ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಇದರಿಂದ ಪ್ರಯೋಜನವಾಗಬೇಕಾದರೆ ಏನು ಮಾಡಬೇಕು?

ಉತ್ತರ: ಗಸ್ತಿನ ಬೇಡಿಕೆಯನ್ನು ಸದ್ಯಕ್ಕೆ ಬದಿಗಿಡಿ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಕೆಲವು ಬೀಟ್‌ಗಳ (ಪೊಲೀಸರಿಗೆ ಹಂಚಿಕೊಟ್ಟ ಗಸ್ತು ಪ್ರದೇಶಗಳ) ವಾಹನ ಗಸ್ತನ್ನು ಎರಡು-ಮೂರು ಪಟ್ಟು ಹೆಚ್ಚಿಸಿ, ಬೇರೆ ಕೆಲವು ಕಡೆ ವಾಡಿಕೆಯ ಗಸ್ತನ್ನೇ ನಿಲ್ಲಿಸಿ ನೋಡಿದಾಗ, ಅಪರಾಧದ ಪ್ರಮಾಣದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಪರಾಧ ಮರುಕಳಿಸುವ ಕೆಲವೇ ಜಾಗಗಳಲ್ಲಿ ನಿಗಾ ಇಟ್ಟರೆ ಫಲ ಸಿಗುತ್ತದೆ ಎಂಬುದು ನಂತರದ ಅಧ್ಯಯನಗಳಿಂದ ತಿಳಿದಿದೆ. ಆದರೆ ಆ ಜಾಗ ಯಾವುದು, ಹೊತ್ತು ಯಾವುದು ಎಂದು ಗುರುತಿಸಲು ಠಾಣೆಯ ದಾಖಲೆಯೊಂದೇ ಸಾಲದು.

ಇಂಗ್ಲೆಂಡಿನ ರಾಚ್‌ಡೇಲ್‌ನ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ನಡೆದ ಕೆಲಸ ಇಲ್ಲಿ ಗಮನಾರ್ಹ. ಕಳ್ಳತನಕ್ಕೆ ಗುರಿಯಾದವರನ್ನೂ ನೆರೆಯವರನ್ನೂ ಸಿಕ್ಕಿಬಿದ್ದ ಕಳ್ಳರನ್ನೂ ಮಾತನಾಡಿಸಿದಾಗ, ಒಮ್ಮೆ ಕನ್ನ ಬಿದ್ದ ಮನೆಗೇ ಮತ್ತೆ ಕನ್ನ ಬೀಳುವ ಸಂಭವ ಉಳಿದ ಮನೆಗಳಿಗಿಂತ ಬಹಳ ಹೆಚ್ಚೆಂದೂ, ಅನೇಕ ಬಾರಿ ಕಳ್ಳರ ಕಣ್ಣಿದ್ದದ್ದು ನಾಣ್ಯ ಹಾಕಿ ಬಳಸುವ ಗ್ಯಾಸ್ ಮತ್ತು ವಿದ್ಯುತ್ ಮೀಟರುಗಳೊಳಗಿನ ಹಣದ ಮೇಲೆಂದೂ ತಿಳಿದುಬಂತು. ಅಂಥ ಮೀಟರುಗಳನ್ನು ತೆಗೆಸಲಾಯಿತು. ಕಳ್ಳತನವಾದ ಮನೆಗಳ ಬಾಗಿಲು, ಕಿಟಕಿಗಳನ್ನು ಭದ್ರಪಡಿಸಲಾಯಿತು. ಅಕ್ಕಪಕ್ಕದ ಆರೇಳು ಮನೆಯವರು ಆ ಮನೆಯ ಮೇಲಷ್ಟೇ ನಿಗಾ ಇಟ್ಟರು. ಇಡೀ ಬಡಾವಣೆಯನ್ನು ಕಾಯುವ ಹೊರೆ ಯಾರ ಮೇಲೂ ಬೀಳದೆಯೇ ಕಳ್ಳತನ ಗಣನೀಯವಾಗಿ ಇಳಿಯಿತು.

ಆದ್ದರಿಂದ ಮುಂದಿನ ಸಭೆಗೆ ಮನವಿಪತ್ರದ ಬದಲು ನಕ್ಷೆಯೊಂದನ್ನು ಒಯ್ಯಿರಿ. ಕಳೆದ ಕೆಲವು ತಿಂಗಳ ಘಟನೆಗಳನ್ನು ದಿನ, ಹೊತ್ತು, ಒಳನುಗ್ಗಿದ ದಾರಿ ಸಹಿತ ಅದರಲ್ಲಿ ಗುರುತಿಸಿ. ಬೀಗ ಮುರಿಯಲು ಯತ್ನಿಸಿ ಓಡಿಹೋದ ಪ್ರಕರಣಗಳಂತೆ, ದೂರು ಕೊಡದೆ ಬಿಟ್ಟವನ್ನೂ ಸೇರಿಸಬೇಕು; ಪೊಲೀಸರಿಗೆ ಗೊತ್ತಿಲ್ಲದಿರುವುದು ಬಹುತೇಕ ಅವೇ. ಅವುಗಳಲ್ಲಿ ಒಂದೇ ಸಮಸ್ಯೆಯನ್ನು ಆಯ್ದುಕೊಂಡು, ಯಾರು ಯಾವ ದಿನದೊಳಗೆ ಏನು ಮಾಡುತ್ತಾರೆಂದು ಬರೆದಿಟ್ಟು, ಮರುಸಭೆಯನ್ನು ಅದರ ವರದಿಯಿಂದಲೇ ಆರಂಭಿಸಿ. ಕೆಟ್ಟ ಬೀದಿದೀಪದಂಥ ವಿಷಯಗಳಿಗೆ ಠಾಣೆಯವರನ್ನು ದೂರಿ ಫಲವಿಲ್ಲ. ಸ್ಥಳೀಯ ಸಂಸ್ಥೆಯವರನ್ನೂ ಸಭೆಗೆ ಕರೆಯಿರಿ.

ಒಂದು ಎಚ್ಚರಿಕೆ ಅಗತ್ಯ. ಮೊಬೈಲ್ ಗುಂಪುಗಳಲ್ಲಿ ಅಪರಿಚಿತರ ಫೋಟೊ ಹರಿಯಬಿಡುವುದನ್ನು ಜಾಗೃತಿ ಎಂದು ನಾನು ಒಪ್ಪಲಾರೆ. ಒಬ್ಬ ವ್ಯಕ್ತಿಯ ಉಡುಪು, ಭಾಷೆ ಅಥವಾ ಬಡತನವನ್ನಲ್ಲ, ಮುಚ್ಚಿದ ಮನೆಯ ಕಿಟಕಿ ಎಳೆದು ನೋಡುವಂಥ ಕೃತ್ಯವನ್ನು ವರದಿ ಮಾಡಬೇಕು. ಬೆನ್ನಟ್ಟುವುದಾಗಲಿ ಹಿಡಿದು ವಿಚಾರಿಸುವುದಾಗಲಿ ನಿವಾಸಿಗಳ ಕೆಲಸವಲ್ಲ. ಇನ್ನು ಠಾಣಾಧಿಕಾರಿಯಲ್ಲಿ ಏನನ್ನಾದರೂ ಪಟ್ಟುಹಿಡಿದು ಕೇಳುವುದಿದ್ದರೆ, ನಿಮ್ಮ ಬೀಟ್‌ನ ಸಿಬ್ಬಂದಿಯನ್ನು ಪದೇ ಪದೇ ಬದಲಿಸಬೇಡಿ ಎಂದು ಕೇಳಿ.